ಫಾರ್ಮ್ಯಾಟ್ ಹೊಡೆಯುವ ಮೊದಲು ಹಳದಿ ವೈರ್ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಗೆ ನಾನು ಹಿಂದೆ ಎರಡು ಸಲ ಬರೆದಿದ್ದೇನೆ. ಎರಡೂ ಸಲ ಕುಡಿಯುವ ನೀರಿನ ಬಗ್ಗೆ. ಈ ಸಲ ವಿಷಯ ಬೇರೆ. ಮನೆಯ ಕಂಪ್ಯೂಟರ್ ಆನ್ ಮಾಡಿದರೆ ಪೂರ್ತಿ ಏಳುವ ಮೊದಲೇ ಟಕ್ ಅಂತ ಆಫ್ ಆಗಿ ತಾನಾಗಿ ಮತ್ತೆ ಆನ್ ಆಗುತ್ತದಲ್ಲ, ಆ ಕಾಯಿಲೆ ಬಗ್ಗೆ. ಪತ್ರ ಉದ್ದ ಆಗಿದೆ, ಗೊತ್ತು. ಕತ್ತರಿ ಹಾಕುವುದಿದ್ದರೆ ನನ್ನ ಹಳೆ ನೌಕರಿ ಬಗ್ಗೆ ಇರುವುದನ್ನು ಕತ್ತರಿಸಿ. ಬಯಾಸ್ ಅನ್ನುವ ಪರದೆಯ ಬಗ್ಗೆ ಇರುವುದನ್ನು ಮಾತ್ರ ದಯವಿಟ್ಟು ಉಳಿಸಿ.

ನಾನು ಶಕ್ತಿನಗರದ ಥರ್ಮಲ್‌ನಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದವನು. ನಿವೃತ್ತಿಯಾಗಿ ಆರು ವರ್ಷ ಆಯಿತು. ಎಂಟು ಯೂನಿಟ್, 1720 ಮೆಗಾವಾಟ್‌ನ ಸ್ಥಾವರ ಅದು. ಮೊದಲ ಯೂನಿಟ್ 1985ರಲ್ಲಿ ಶುರುವಾಯಿತು. ಅಷ್ಟು ದೊಡ್ಡ ಕಡೆ ಮೀಟರ್ ಹಿಡಿದು ಓಡಾಡಿದವನು ಮನೆಯ ಮೂಲೆಯಲ್ಲಿದ್ದ ಒಂದು ಡಬ್ಬಿಯ ಮುಂದೆ ಎರಡು ತಿಂಗಳು ಕೈಕಟ್ಟಿ ಕೂತೆ. ನಮ್ಮ ಮನೆಯವರು ಅದನ್ನು ಈಗಲೂ ಆಡಿ ತೋರಿಸುತ್ತಾರೆ. "ಅಷ್ಟು ದೊಡ್ಡ ಥರ್ಮಲ್‌ನಾಗ ದುಡಿದೀರಿ, ಈ ಡಬ್ಬಿ ಏನಾಗ್ಯದ ಅಂತ ಹೇಳಾಕ ಆಗಂಗಿಲ್ಲೇನ್ರೀ?"

ಕಂಪ್ಯೂಟರ್ ನಿಜಕ್ಕೂ ಅವರದು. ಮಗ ಇಂಜಿನಿಯರಿಂಗ್ ಓದುವಾಗ ತಂದದ್ದು, ಅವನು ಪುಣೆಗೆ ಹೋದ ಮೇಲೆ ಇವರ ಕೈಗೆ ಬಂತು. ಇವರ ತವರು ಮಸ್ಕಿ ಕಡೆ. ಅಲ್ಲಿನ ಹೆಂಗಸರು ಹಾಡುವ ಬೀಸುವ ಕಲ್ಲಿನ ಪದ, ಸೋಬಾನ ಪದ, ಅಲಾಯಿ ಹಬ್ಬದಲ್ಲಿ ಹಾಡುವ ರಿವಾಯತ್ ಪದ, ಇವನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದುಕೊಂಡು ಬಂದು ಮಧ್ಯಾಹ್ನ ಹೊತ್ತು ‘ನುಡಿ’ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದರು. ಎರಡು ಬೆರಳಿನ ಟೈಪಿಂಗ್. ಎರಡು ವರ್ಷಕ್ಕೆ 143 ಪದ, ಅಂದರೆ ಹಾಡು, ಆಗಿದ್ದವು. ಎಲ್ಲ ಒಂದೇ ಫೋಲ್ಡರ್‌ನಲ್ಲಿ, ಡೆಸ್ಕ್‌ಟಾಪ್ ಮೇಲೆ, ಕಣ್ಣ ಮುಂದೆ. ಟೈಪ್ ಆದ ನೋಟ್‌ಬುಕ್ ಹಾಳೆಗಳು ಮೊಮ್ಮಗಳ ಕಾಗದದ ದೋಣಿಗೆ ಹೋಗಿದ್ದವು.

ಕಳೆದ ಏಪ್ರಿಲ್ ಮೊದಲ ವಾರದಲ್ಲಿ ಕಾಯಿಲೆ ಶುರುವಾಯಿತು. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಕಂಪನಿ ಹೆಸರು ಬರುತ್ತದೆ, ವಿಂಡೋಸ್ ಚಿಹ್ನೆ ಕೆಳಗೆ ಚುಕ್ಕಿಗಳು ಸುತ್ತುತ್ತವೆ, ಟಕ್. ಕಪ್ಪು. ಮತ್ತೆ ಫ್ಯಾನ್, ಮತ್ತೆ ಹೆಸರು, ಮತ್ತೆ ಚುಕ್ಕಿ, ಟಕ್. ಗಾಡಿ ಕಿಕ್ ಹೊಡೆದಾಗ ಹತ್ತಿದ ಹಾಗೆ ಮಾಡಿ ಆರುತ್ತದಲ್ಲ, ಹಾಗೆ.

ಅಂಗಡಿಗೆ ಒಯ್ದೆ. ಹುಡುಗ ಹತ್ತು ಸೆಕೆಂಡ್ ನೋಡಿದ. "ವಿಂಡೋಸ್ ಕರಪ್ಟ್ ಆಗ್ಯದ ಸರ್, ಫಾರ್ಮ್ಯಾಟ್ ಹೊಡೆದು ಬಿಡೂಣ್ರಿ." ಫಾರ್ಮ್ಯಾಟ್ ಅಂದರೆ ಡಿಸ್ಕ್ ಒರೆಸಿ ವಿಂಡೋಸ್ ಹೊಸದಾಗಿ ಹಾಕುವುದು. ಆಯ್ತು ಹೊಡಿಯಪ್ಪ ಅಂದೆ. ಆ ಒಂದು ಮಾತಿಗೆ ನಾನೇ ಹೊಣೆ. ಡೇಟಾ ಏನಾದರೂ ಬೇಕಾ ಅಂತ ಅವನು ಕೇಳಲಿಲ್ಲ ನಿಜ. ನಾನೂ ಹೇಳಲಿಲ್ಲ. ಡೆಸ್ಕ್‌ಟಾಪ್ ಅನ್ನುವುದು ಸಿ ಡ್ರೈವ್‌ನ ಒಳಗೇ ಇರುತ್ತದೆ, ವಿಂಡೋಸ್ ಜೊತೆಗೆ ಅದೂ ಒರೆಸಿ ಹೋಗುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಎದುರಿಗೆ ಕಾಣುತ್ತಿದೆ ಅಂದರೆ ಭದ್ರ ಇದೆ ಅಂದುಕೊಂಡಿದ್ದೆ. ನಿಮ್ಮ ಓದುಗರಲ್ಲಿ ಎಷ್ಟು ಜನ ಹಾಗೇ ಅಂದುಕೊಂಡಿದ್ದಾರೋ.

ಸಂಜೆ ಅಂಗಡಿಯಲ್ಲಿ ಚಾಲು ಮಾಡಿ ತೋರಿಸಿದ. ಚೆನ್ನಾಗಿ ಓಡಿತು. 500 ರೂಪಾಯಿ ಕೊಟ್ಟು ಆಟೋದಲ್ಲಿ ತಂದೆ. ಮಾರನೇ ದಿನ ಬೆಳಗ್ಗೆ ಹತ್ತು ಗಂಟೆಗೆ ಮತ್ತೆ ಟಕ್.

ಮತ್ತೆ ಅಂಗಡಿ. ಅಲ್ಲಿ ಮತ್ತೆ ಚೆನ್ನಾಗಿ ಓಡಿತು. ಎರಡನೇ ಸಲ ಫಾರ್ಮ್ಯಾಟ್, ಈ ಸಲ 400ಕ್ಕೆ. ಮನೆಗೆ ತಂದರೆ ಅದೇ ಹಾಡು. ಮೂರನೇ ಸಲ ಹೋದಾಗ ಅಂಗಡಿ ಮಾಲೀಕರೇ ಬಂದು ಹೇಳಿದರು. "ಬೋರ್ಡ್ ಹೋಗ್ಯದ ಸರ್. ಹೆಂಗೂ ವಿಂಡೋಸ್ 10 ಬಂದ್ ಆಗ್ಯದ, ಹೊಸಾದು ತಗೊಂಡು ಬಿಡ್ರಿ." ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ. ಆದರೆ ನಿಂತದ್ದು ಅಪ್‌ಡೇಟ್. ಅದಕ್ಕಾಗಿ ಕಂಪ್ಯೂಟರ್ ಬೆಳಗ್ಗೆ ಹತ್ತಕ್ಕೆ ರೀಸ್ಟಾರ್ಟ್ ಆಗುವುದಿಲ್ಲ, ಅಲ್ವಾ?

ಈ "ಹತ್ತು ಗಂಟೆ" ಅನ್ನುವುದು ನನ್ನ ತಲೆಗೆ ಹೊಕ್ಕದ್ದು ಆವತ್ತು ಆಟೋದಲ್ಲಿ ವಾಪಸ್ ಬರುವಾಗ. ನಸುಕಿನಲ್ಲಿ ಐದಕ್ಕೆ ಎದ್ದು ಹಾಕಿದರೆ ಕಂಪ್ಯೂಟರ್ ಒಳ್ಳೆ ಹುಡುಗನ ಹಾಗೆ ಏಳುತ್ತಿತ್ತು. ಅಂಗಡಿಯಲ್ಲಿ ಏಳುತ್ತಿತ್ತು. ಮನೆಯಲ್ಲಿ ಹತ್ತರಿಂದ ಸಂಜೆ ತನಕ ಮಾತ್ರ ಈ ಆಟ. ನಮ್ಮ ಓಣಿಯಲ್ಲಿ ಹತ್ತಕ್ಕೆ ಏನಾಗುತ್ತದೆ? ನಾಲ್ಕು ಮನೆ ಆಚೆ ಹಿಟ್ಟಿನ ಗಿರಣಿ ಶುರುವಾಗುತ್ತದೆ. ಹಿಂದೆಯೇ ಎಲ್ಲರ ಮನೆಯ ಕೂಲರ್. ಟ್ಯೂಬ್‌ಲೈಟ್ ಒಮ್ಮೆ ಕಣ್ಣು ಮಿಟುಕಿಸುತ್ತದೆ. ಮೂವತ್ತು ವರ್ಷ ವೋಲ್ಟೇಜ್ ಜೊತೆ ಬಾಳ್ವೆ ಮಾಡಿದವನಿಗೆ ಇದು ಹೊಳೆಯಲು ಎರಡು ತಿಂಗಳು ಬೇಕಾಯಿತು. ಕಂಪ್ಯೂಟರ್ ಅಂದ ಕೂಡಲೇ ಅದು ಕರೆಂಟಿನ ಮೇಲೆ ಓಡುವ ಯಂತ್ರ ಅನ್ನುವುದನ್ನೇ ಮರೆತಿದ್ದೆ.

ಮಗನಿಗೆ ಫೋನ್ ಮಾಡಿದೆ. ಅವನು ಒಂದೇ ಮಾತು ಹೇಳಿದ. "ಅಪ್ಪಾ, ಮೊದಲು ಬಯಾಸ್‌ನಲ್ಲಿ ಕೂರಿಸಿ ನೋಡು." ಈ ಪತ್ರ ಬರೆಯುತ್ತಿರುವುದೇ ಆ ಮಾತಿಗಾಗಿ.

ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಕೀಯನ್ನೋ ಎಫ್2 ಕೀಯನ್ನೋ ಟಕಟಕ ಒತ್ತುತ್ತಾ ಇದ್ದರೆ, ವಿಂಡೋಸ್ ಶುರುವಾಗುವ ಮೊದಲೇ ಒಂದು ಪರದೆ ತೆರೆಯುತ್ತದೆ. ಅದು ಬಯಾಸ್. ವಿಂಡೋಸ್‌ಗೂ ಅದಕ್ಕೂ ಸಂಬಂಧ ಇಲ್ಲ, ಅದು ಕಂಪ್ಯೂಟರಿನ ಮುಖ್ಯ ಬೋರ್ಡಿನೊಳಗೇ ಇರುತ್ತದೆ. ಅಲ್ಲಿ ಏನನ್ನೂ ಬದಲಾಯಿಸಬೇಡಿ. ಸುಮ್ನೆ ಹಾಗೇ ಅರ್ಧ ಗಂಟೆ ಬಿಟ್ಟು ಚಹಾ ಕುಡಿದು ಬನ್ನಿ. ಅಲ್ಲೂ ಕಂಪ್ಯೂಟರ್ ಟಕ್ ಅಂದರೆ ವಿಂಡೋಸ್ ತಪ್ಪಿಲ್ಲ ಅಂತ ಅರ್ಥ. ವಿಂಡೋಸ್ ಇನ್ನೂ ಎದ್ದೇ ಇಲ್ಲವಲ್ಲ! ಆಗ ನೂರು ಸಲ ಫಾರ್ಮ್ಯಾಟ್ ಹೊಡೆದರೂ ಉಪಯೋಗ ಇಲ್ಲ. ಕರೆಂಟು, ಬಿಸಿ, ರ‍್ಯಾಮು ಅನ್ನುವ ನೆನಪಿನ ಪಟ್ಟಿ, ಬೋರ್ಡು, ಈ ನಾಲ್ಕರಲ್ಲಿ ಹುಡುಕಬೇಕು. ಅರ್ಧ ಗಂಟೆ ಗಟ್ಟಿಯಾಗಿ ನಿಂತು, ವಿಂಡೋಸ್‌ಗೆ ಹೋದಾಗ ಮಾತ್ರ ಬಿದ್ದರೆ ಆಗ ವಿಂಡೋಸ್ ಮೇಲೆ ಅನುಮಾನ ಪಡಿ. ಪೂರ್ತಿ ಅಲ್ಲ, ಯಾಕೆಂದರೆ ಬಯಾಸ್‌ನಲ್ಲಿ ಡಿಸ್ಕ್‌ಗೆ ಅಷ್ಟು ಕೆಲಸ ಇರುವುದಿಲ್ಲ. ಆದರೂ ದಿಕ್ಕು ಗೊತ್ತಾಗುತ್ತದೆ. ಖರ್ಚು ಒಂದು ಲೋಟ ಚಹಾ.

ನಮ್ಮದು ಹತ್ತೂ ಮುಕ್ಕಾಲಿಗೆ ಬಯಾಸ್‌ನಲ್ಲಿ ಕೂತು ಹನ್ನೆರಡನೇ ನಿಮಿಷಕ್ಕೆ ಟಕ್ ಅಂತು. ಎರಡು ಫಾರ್ಮ್ಯಾಟ್, ಮೂರು ಸಲ ಆಟೋ, 61 ಪದ, ಎಲ್ಲ ದಂಡ. 61 ಯಾಕೆ ಅಂದರೆ, ಅದನ್ನು ಆಮೇಲೆ ಹೇಳುತ್ತೇನೆ.

ಡಬ್ಬಿಯ ಪಕ್ಕದ ತಗಡು ಬಿಚ್ಚಿದೆ. ರಾಯಚೂರಿನ ಧೂಳು ನಿಮಗೆ ಗೊತ್ತಿರಬೇಕು. ಅದರ ಜೊತೆ ಹತ್ತಿಯ ಎಳೆ ಬೇರೆ. ಪ್ರೊಸೆಸರ್ ಮೇಲಿನ ಫ್ಯಾನ್ ಕೆಳಗೆ ಬೂದಿ ಬಣ್ಣದ ಕಂಬಳಿ ಹಾಸಿದ ಹಾಗೆ ಕೂತಿತ್ತು. ಮೂಲೆಯಲ್ಲಿ ಬತ್ತಾಸಿನ ಹಾಗೆ ಬೆಳ್ಳಗೆ ಎರಡು ಹಲ್ಲಿ ಮೊಟ್ಟೆಯ ಸಿಪ್ಪೆ. ಮರಿಗಳು ಯಾವಾಗಲೋ ಹೊರಟು ಹೋಗಿದ್ದವು. ಬಣ್ಣ ಹಚ್ಚುವ ಬ್ರಷ್‌ನಿಂದ ಎಲ್ಲ ಕೆರೆದೆ. ಬ್ರಷ್ ತಾಗಿದಾಗ ಫ್ಯಾನ್ ಗಿರ್ರನೆ ತಿರುಗಲು ಬಿಡಬೇಡಿ, ಬೆರಳಿಂದ ಹಿಡಿದುಕೊಳ್ಳಿ. ಪ್ರೊಸೆಸರಿನ ಬಿಸಿ ಹೊರಗೆ ಸಾಗಿಸಲು ಅದರ ಮೇಲೆ ಹಚ್ಚುವ ಪೇಸ್ಟ್ ಒಣಗಿ ಸುಣ್ಣ ಆಗಿತ್ತು, ಹೊಸದು ಹಚ್ಚಿದೆ. ರ‍್ಯಾಮ್ ಪಟ್ಟಿ ತೆಗೆದು ಅದರ ಬಂಗಾರದ ಬಣ್ಣದ ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ಒರೆಸಿ ಮತ್ತೆ ಕೂರಿಸಿದೆ. ಪ್ರಿಂಟರ್, ಪೆನ್‌ಡ್ರೈವ್ ಎಲ್ಲ ಕಿತ್ತೆ. ಯುಪಿಎಸ್ ಬಿಟ್ಟು ನೇರ ಗೋಡೆಗೆ ಕೊಟ್ಟೆ. ಪವರ್ ಬಟನ್ ಒಳಗೇ ಸಿಕ್ಕಿಕೊಂಡರೂ ಹೀಗೆ ಆಗುತ್ತದೆ ಅಂತ ಮಗ ಹೇಳಿದ್ದ. ಅದರ ವೈರ್ ಬೋರ್ಡಿನಿಂದ ತೆಗೆದೂ ನೋಡಿದೆ. ಒಂದರಿಂದಲೂ ಗುಣ ಕಾಣಲಿಲ್ಲ.

ಉಳಿದದ್ದು ಎಸ್‌ಎಂಪಿಎಸ್. ಡಬ್ಬಿಯ ಹಿಂದುಗಡೆ ಗೋಡೆಯ ವೈರ್ ಹೋಗಿ ಸೇರುವ ತಗಡಿನ ಪೆಟ್ಟಿಗೆ ಅದು. ಮನೆಯ 230 ವೋಲ್ಟ್ ಎಸಿಯನ್ನು 12, 5, 3.3 ವೋಲ್ಟ್ ಡಿಸಿ ಮಾಡಿ ಕೊಡುವುದು ಅದರ ಕೆಲಸ. ಹಳದಿ ವೈರ್ 12, ಕೆಂಪು 5, ಕಪ್ಪು ಅರ್ಥ್. ಶೇ 5ರಷ್ಟು ಹೆಚ್ಚು ಕಡಿಮೆ ಆದರೆ ನಡೆಯುತ್ತದೆ. ಅಂದರೆ ಹಳದಿಯಲ್ಲಿ 11.4ಕ್ಕಿಂತ ಕೆಳಗೆ ಇಳಿಯಬಾರದು. ವೋಲ್ಟೇಜ್ ಸರಿ ಇದೆ ಅಂತ ಬೋರ್ಡಿಗೆ ಹೇಳಲು ಬೂದಿ ಬಣ್ಣದ ಒಂದು ವೈರ್ ಬೇರೆ ಇರುತ್ತದೆ. ಆ ವೈರ್ ಕೈಬಿಟ್ಟರೆ ಬೋರ್ಡ್ ಆ ಕ್ಷಣವೇ ನಿಂತು ಮತ್ತೆ ಮೊದಲಿಂದ ಶುರು ಮಾಡುತ್ತದೆ. ನಾವು ನೋಡುವ "ಟಕ್" ಅದೇ. ಅದು ಒಂದು ರೀತಿ ರಿಲೇ ಟ್ರಿಪ್ ಆದ ಹಾಗೆ. ಯಂತ್ರ ತನ್ನನ್ನು ತಾನು ಉಳಿಸಿಕೊಳ್ಳುವ ದಾರಿ. ನಾವು ಅದನ್ನು ಕಾಯಿಲೆ ಅಂತೀವಿ.

ಖಾಲಿ ಉಳಿದಿದ್ದ ನಾಲ್ಕು ತೂತಿನ ಕನೆಕ್ಟರ್‌ಗೆ ಮೀಟರಿನ ಕಡ್ಡಿ ಇಟ್ಟೆ. ಬೆಳಗ್ಗೆ ಐದೂವರೆಗೆ ಗೋಡೆಯಲ್ಲಿ 228, ಹಳದಿಯಲ್ಲಿ 11.9. ಹತ್ತೂವರೆಗೆ ಗೋಡೆಯಲ್ಲಿ 187. ಹಳದಿಯಲ್ಲಿ 11.6. ವಿಂಡೋಸ್ ಚಿಹ್ನೆ ಬಂತು, ಚುಕ್ಕಿ ಸುತ್ತತೊಡಗಿದವು. 11.5. 11.3. 11.2. ಟಕ್. ನಮ್ಮ ಮನೆಯವರು ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಓದುತ್ತಿದ್ದರು, ಹರಾಜು ಕೂಗಿದ ಹಾಗೆ. ಕಂಪ್ಯೂಟರ್ ಏಳುವಾಗಲೇ ಡಿಸ್ಕು, ಪ್ರೊಸೆಸರು, ಫ್ಯಾನು ಎಲ್ಲ ಒಟ್ಟಿಗೆ ದುಡಿಯುತ್ತವೆ. ಮೋಟಾರಿಗೆ ಸ್ಟಾರ್ಟಿಂಗ್ ಕರೆಂಟ್ ಜಾಸ್ತಿ ಬೇಕು ಅಂತೀವಲ್ಲ, ಅದೇ ಲೆಕ್ಕ. ಗಟ್ಟಿ ಎಸ್‌ಎಂಪಿಎಸ್ ಆದರೆ 187 ವೋಲ್ಟ್ ಕೊಟ್ಟರೂ ಹಳದಿಯನ್ನು ಬಿಟ್ಟುಕೊಡುವುದಿಲ್ಲ. ಮುದಿ ಎಸ್‌ಎಂಪಿಎಸ್ 228 ಇದ್ದಾಗ ತಾಳುತ್ತದೆ, 187ಕ್ಕೆ ಬಿದ್ದು ಹೋಗುತ್ತದೆ. ಅಂಗಡಿಯಲ್ಲಿ ಸ್ಟೆಬಿಲೈಸರ್ ಇದೆ, ತಂಪು ಮಾಡುವ ಏಸಿ ಇದೆ. ಅಲ್ಲಿ ಕಾಯಿಲೆ ಕಾಣುವುದಾದರೂ ಹೇಗೆ? ಅದಕ್ಕೇ ಆ ಹುಡುಗನನ್ನು ನಾನು ಮೋಸಗಾರ ಅನ್ನುವುದಿಲ್ಲ. ಫಾರ್ಮ್ಯಾಟ್ ಹೊಡೆದ, ಸರಿಹೋಯಿತು ಅಂತ ಅವನೂ ನಂಬಿದ.

ಅದನ್ನು ಬಿಚ್ಚಿ ನೋಡಿದೆ. ದಯವಿಟ್ಟು ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟು ಹಿಡಿದಿಡುವ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು, ಕೈ ತಾಗಿದರೆ ಕಥೆ ಮುಗಿಯಿತು. ನಾನು ಅದೇ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು, ಡಿಸ್ಚಾರ್ಜ್ ಮಾಡಿಕೊಂಡು ಬಿಚ್ಚಿದೆ. ಔಟ್‌ಪುಟ್ ಬದಿಯ ಎರಡು ಕೆಪಾಸಿಟರ್ ತಲೆ ಪೂರಿಯ ಹಾಗೆ ಉಬ್ಬಿತ್ತು. ಬುಡದಲ್ಲಿ ಕಂದು ಬಣ್ಣದ ಅಂಟು. ಈ ಕೆಪಾಸಿಟರ್‌ಗಳಿಗೆ ಒಂದು ಲೆಕ್ಕ ಇದೆ. 10 ಡಿಗ್ರಿ ಬಿಸಿ ಹೆಚ್ಚಾದರೆ ಆಯಸ್ಸು ಸುಮಾರು ಅರ್ಧ. ನಮ್ಮಲ್ಲಿ ಮೇ ತಿಂಗಳಲ್ಲಿ ಹೊರಗೇ 42, 43. ತಗಡಿನ ಡಬ್ಬಿಯೊಳಗೆ, ಧೂಳಿನ ಕಂಬಳಿ ಹೊದ್ದುಕೊಂಡು ಕೂತ ಕೆಪಾಸಿಟರ್ ಎಷ್ಟು ದಿನ ಬಾಳೀತು? ರಾಯಚೂರು, ಬಳ್ಳಾರಿ, ಕೊಪ್ಪಳದವರು ಈ ಒಂದು ಭಾಗವನ್ನು ಮೊದಲು ಅನುಮಾನಿಸಿ. ಮಲೆನಾಡಿನವರು ಬೇಕಾದರೆ ಕೊನೆಗೆ ನೋಡಲಿ.

ಹೊಸ ಎಸ್‌ಎಂಪಿಎಸ್ 1,150 ರೂಪಾಯಿ. ಕೊಳ್ಳುವಾಗ ಕೈಯಲ್ಲಿ ಎತ್ತಿ ನೋಡಿ. ಚೀಟಿ ಮೇಲೆ 450 ವಾಟ್ ಅಂತ ಬರೆದು ಖಾಲಿ ಡಬ್ಬದಷ್ಟು ಹಗುರ ಇದ್ದರೆ ಅಲ್ಲೇ ಇಟ್ಟು ಬನ್ನಿ. ಹಾಕಿದ ದಿನದಿಂದ ಹತ್ತು ಗಂಟೆಯ ಟಕ್ ಇಲ್ಲ. ಗಿರಣಿ ನಡೆಯುತ್ತದೆ, ಟ್ಯೂಬ್‌ಲೈಟ್ ಕಣ್ಣು ಮಿಟುಕಿಸುತ್ತದೆ, ಹಳದಿ 12.1ರಲ್ಲಿ ನಿಂತಿದೆ. 187 ವೋಲ್ಟ್ ಬಗ್ಗೆ ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಅದು ಇನ್ನೊಂದು ಪತ್ರದ ವಿಷಯ.

ಹಾಗಂತ ವಿಂಡೋಸ್‌ದು ಯಾವಾಗಲೂ ತಪ್ಪಿರುವುದಿಲ್ಲ ಅಂತಲ್ಲ. 2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ತಂತ್ರಾಂಶದ ಒಂದು ಕೆಟ್ಟ ಅಪ್‌ಡೇಟ್‌ನಿಂದ ಪ್ರಪಂಚದ ತುಂಬ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆಗುತ್ತಲೇ ಇದ್ದವು. ಸುಮಾರು 85 ಲಕ್ಷ ಅಂತ ಮೈಕ್ರೋಸಾಫ್ಟ್ ಹೇಳಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಅದಕ್ಕೂ ಮದ್ದು ಫಾರ್ಮ್ಯಾಟ್ ಆಗಿರಲಿಲ್ಲ ನೋಡಿ. ಸೇಫ್ ಮೋಡ್‌ಗೆ ಹೋಗಿ ಆ ಕೆಟ್ಟ ಫೈಲ್ ಅಳಿಸಿದರೆ ಸಾಕಿತ್ತು.

ಮನೆಯಲ್ಲೂ ಅದೇ ದಾರಿ. ವಿಂಡೋಸ್ 10 ಅಥವಾ 11 ಎರಡು ಮೂರು ಸಲ ಏಳುವಾಗ ಬಿದ್ದರೆ ಸಾಮಾನ್ಯವಾಗಿ ತಾನೇ ರಿಪೇರಿ ಪರದೆ ತೋರಿಸುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಅಂತ ಒಳಗೆ ಹೋಗಿ ರೀಸ್ಟಾರ್ಟ್ ಕೊಟ್ಟರೆ ಒಂದು ಪಟ್ಟಿ ಬರುತ್ತದೆ. 4 ಒತ್ತಿದರೆ ಸೇಫ್ ಮೋಡ್. 9 ಒತ್ತಿದರೆ, ತಪ್ಪಾದಾಗ ತಾನಾಗಿ ರೀಸ್ಟಾರ್ಟ್ ಆಗುವುದು ನಿಲ್ಲುತ್ತದೆ. ನನಗೆ ಜಾಸ್ತಿ ಇಷ್ಟವಾದದ್ದು ಈ 9. ನೀಲಿ ಪರದೆ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಮಾಯ ಆಗುವ ಬದಲು ಅಲ್ಲೇ ನಿಲ್ಲುತ್ತದೆ. ಮೊಬೈಲ್‌ನಲ್ಲಿ ಫೋಟೋ ಹೊಡೆದು ತಿಳಿದವರಿಗೆ ಕಳಿಸಬಹುದು. 9 ಒತ್ತಿದ ಮೇಲೂ ನೀಲಿ ಪರದೆ ಇಲ್ಲದೆ ನೇರ ಟಕ್ ಅಂದರೆ ಮತ್ತೆ ಹಳದಿ ವೈರ್ ಕಡೆ ಬನ್ನಿ.

ಈಗ 61ರ ಲೆಕ್ಕ. ಫೋಲ್ಡರ್ ಹೋಯಿತು ಅಂತ ಗೊತ್ತಾದ ದಿನ ನಮ್ಮ ಮನೆಯವರು ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿ ಇತ್ತು. ರಾತ್ರಿ ಊಟ ಆದ ಮೇಲೆ ದೇವರ ಕಪಾಟಿನಿಂದ ಒಂದು ಪೆನ್‌ಡ್ರೈವ್ ತಂದರು. ಹಿಂದಿನ ವರ್ಷದ ದಸರಾ ರಜೆಯಲ್ಲಿ ಬಂದಾಗ ಮಗ ಕಾಪಿ ಮಾಡಿ ಕೊಟ್ಟದ್ದು. ಹಾಕಿ ತೆರೆದರೆ, ಕನ್ನಡವೇ ಇಲ್ಲ! ಎಲ್ಲ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಗೆರೆ, ಚುಕ್ಕಿ, ಟೋಪಿ. ಇದೂ ಹೋಯಿತು ಅಂತ ಇಬ್ಬರೂ ಕೂತು ಬಿಟ್ಟೆವು.

ಹೋಗಿರಲಿಲ್ಲ. ನುಡಿಯ ಹಳೆ ಅಕ್ಷರಗಳಲ್ಲಿ ಟೈಪ್ ಮಾಡಿದ ಫೈಲ್ ಹಾಗೇ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ನುಡಿಯ ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಫಾರ್ಮ್ಯಾಟ್ ಹೊಡೆದಾಗ ನುಡಿಯೂ ಹೋಗಿತ್ತು, ವೇಷ ಕಳಚಿತ್ತು. ಕನ್ನಡ ಗಣಕ ಪರಿಷತ್ತಿನ ನುಡಿಯನ್ನು ಮತ್ತೆ ಹಾಕಿದ ಮೇಲೆ ಒಂದೊಂದೇ ಪದ ಪರದೆ ಮೇಲೆ ಕನ್ನಡವಾಗಿ ಎದ್ದು ಕೂತಿತು. 82 ಇದ್ದವು. ಗೊತ್ತಿಲ್ಲದ ಎಷ್ಟು ಜನ ಇಂಥ ಫೈಲ್‌ಗಳನ್ನು ಕೆಟ್ಟು ಹೋಗಿದೆ ಅಂತ ಅಳಿಸಿರಬಹುದು! ಈಗ ನಾವು ಯೂನಿಕೋಡ್‌ನಲ್ಲೇ, ಅಂದರೆ ಕನ್ನಡಕ್ಕೇ ತನ್ನದೇ ಸಂಕೇತ ಇರುವ ವ್ಯವಸ್ಥೆಯಲ್ಲೇ ಟೈಪ್ ಮಾಡುತ್ತೇವೆ. ಅದಕ್ಕೆ ಈ ವೇಷದ ಗೊಡವೆ ಇಲ್ಲ, ಮೊಬೈಲ್‌ನಲ್ಲೂ ಕನ್ನಡವಾಗೇ ಕಾಣುತ್ತದೆ.

ಉಳಿದ 61 ಪದ ಎರಡು ಫಾರ್ಮ್ಯಾಟ್‌ಗಳ ಕೆಳಗೆ ಸಿಕ್ಕಿ ಹೋದವು. ಮಗ ಪುಣೆಯಲ್ಲಿ ಡಿಸ್ಕ್ ತೋರಿಸಿದ. ಮೇಲೆ ಎರಡು ಸಲ ವಿಂಡೋಸ್ ಬರೆದಿದ್ದರಿಂದ ಚೂರು ಚೂರು ಸಿಕ್ಕಿತು, ಪದವಾಗಿ ಒಂದೂ ಸಿಗಲಿಲ್ಲ. ಮೊದಲೇ ಆ ಡಿಸ್ಕ್ ಹೊರಗೆ ತೆಗೆದು ಒಂದು ಕೇಬಲ್ ಹಾಕಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿದ್ದರೆ ಹತ್ತು ನಿಮಿಷದಲ್ಲಿ ಕಾಪಿ ಆಗುತ್ತಿತ್ತಂತೆ. ರಿಪೇರಿ ಅಂಗಡಿಯಲ್ಲಿ ಆ ಕೇಬಲ್ ಇದ್ದೇ ಇರುತ್ತದೆ. ಕೇಳಬೇಕು ಅಷ್ಟೇ.

ಅದಕ್ಕೇ ನನ್ನ ಕೋರಿಕೆ ಇಷ್ಟು. ರಿಪೇರಿ ಅಂಗಡಿಯವರು ಗೋಡೆ ಮೇಲೆ ಒಂದು ಬೋರ್ಡ್ ಹಾಕಲಿ, "ಫಾರ್ಮ್ಯಾಟ್ ಮಾಡಿದರೆ ಡೆಸ್ಕ್‌ಟಾಪ್ ಮೇಲಿರುವುದೂ ಹೋಗುತ್ತದೆ, ಕಾಪಿ ಬೇಕೇ?" ಅಂತ. ರಶೀದಿಯಲ್ಲಿ ಬರೀ "ಸರ್ವಿಸ್ 500" ಅನ್ನುವ ಬದಲು ಏನು ಪರೀಕ್ಷೆ ಮಾಡಿದೆವು, ಏನು ಸಿಕ್ಕಿತು ಅಂತ ಒಂದು ಸಾಲು ಬರೆಯಲಿ. ನನಗಂತೂ ರಶೀದಿಯೇ ಸಿಗಲಿಲ್ಲ. ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತಲೇ ಹೇಳುತ್ತದೆ. ದೂರು ಕೊಡುವವರಿಗೆ ರಾಷ್ಟ್ರೀಯ ಸಹಾಯವಾಣಿ 1915 ಇದೆ. ನಾನು ಕೊಟ್ಟಿಲ್ಲ. ಉಬ್ಬಿದ ಕೆಪಾಸಿಟರ್ ಇರುವ ಆ ಹಳೆ ಎಸ್‌ಎಂಪಿಎಸ್ಸನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ ಹುಡುಗನಿಗೆ ತೋರಿಸಿದೆ. ಮುಖ ಸಣ್ಣಗಾಯಿತು. ಆಮೇಲೆ ಅವನೇ ಮೀಟರ್ ಹಿಡಿಯುವುದು ಹೇಗೆ ಅಂತ ಕೇಳಿದ. ಒಂದು ಗಂಟೆ ಕೂತು ಹೇಳಿಕೊಟ್ಟೆ. ಚಹಾ ತರಿಸಿದ, ದುಡ್ಡು ವಾಪಸ್ ಕೊಡಲಿಲ್ಲ.

ಸಂಪಾದಕರೇ, ಮೊಬೈಲ್ ಬಗ್ಗೆ ವಾರಕ್ಕೊಂದು ಪುಟ ಕೊಡುತ್ತೀರಿ. ಹಳೆ ಕಂಪ್ಯೂಟರ್ ಇಟ್ಟುಕೊಂಡವರಿಗೂ ತಿಂಗಳಿಗೊಂದು ಕಾಲಂ ಕೊಡಿ. ಟೈಪಿಂಗ್ ಮಾಡುವ ಹೆಂಗಸರು, ಅರ್ಜಿ ತುಂಬುವ ಹುಡುಗರು, ಲೆಕ್ಕ ಬರೆಯುವ ದಲಾಲಿ ಅಂಗಡಿಯವರು ನಮ್ಮ ಕಡೆ ಇನ್ನೂ ಅವನ್ನೇ ನಂಬಿದ್ದಾರೆ.

ನಮ್ಮ ಮನೆಯವರು ಮಸ್ಕಿಗೆ ಎರಡು ಸಲ ಹೋಗಿ ಬಂದರು. 61ರಲ್ಲಿ 19 ಪದ ಮತ್ತೆ ಸಿಕ್ಕಿವೆ. ಬೀಸುವ ಪದ ಜಾಸ್ತಿ ಹೇಳಿದ್ದ ಅಜ್ಜಿ ಹೋದ ಸಂಕ್ರಾಂತಿಗೇ ತೀರಿಕೊಂಡರು. ಅವರ ಸೊಸೆಗೆ ಕೆಲವು ಅರ್ಧರ್ಧ ನೆನಪಿವೆಯಂತೆ. ಬರುವ ಅಮಾವಾಸ್ಯೆ ಮುಗಿದ ಮೇಲೆ ಮತ್ತೆ ಹೋಗುತ್ತಾರೆ. ಈ ಸಲ ನೋಟ್‌ಬುಕ್ ಹಾಳೆ ಹರಿಯುವುದಿಲ್ಲ ಅಂತ ಮೊಮ್ಮಗಳಿಂದ ಆಣೆ ಮಾಡಿಸಿಕೊಂಡಿದ್ದಾರೆ.

ಇಂತಿ ನಿಮ್ಮ ಓದುಗ,
ನಿವೃತ್ತ ವಿದ್ಯುತ್ ನೌಕರ,
ರಾಯಚೂರು